ಎರಡನೆಯವನ ಗಂಟು

ಪೇಪರ್ ಅಂಗಡಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಪೇಪರ್ ಎತ್ತಿಕೊಂಡು ಬರುವ ಜಾಯಮಾನ ನನ್ನದಲ್ಲ. ಕಟ್ಟಿನ ನಡುವೆ ಕೈ ತೂರಿಸಿ, ಯಾರೂ ಮುಟ್ಟದ್ದನ್ನು ಎಳೆದುಕೊಳ್ಳುತ್ತೇನೆ. ಹಾಲಿನ ಪ್ಯಾಕೆಟ್ ಕ್ರೇಟಿನ ತಳದಿಂದಲೇ ಬರಬೇಕು. ಮದುವೆಮನೆಯಲ್ಲಿ ಮೊದಲ ಪಂಕ್ತಿ ತಪ್ಪಿದರೆ ಹಸಿವೇ ಸತ್ತುಹೋಗುತ್ತದೆ. ಉಪ್ಪಿನಕಾಯಿ ಜಾಡಿಯ ಬಾಯಿಬಟ್ಟೆ ಬಿಚ್ಚುವ ಹಕ್ಕನ್ನಂತೂ ಮನೆಯಲ್ಲಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಇದೆಲ್ಲ ಶುಚಿತ್ವವೆಂದು ನಾನು ತಿಳಿದಿದ್ದೆ, ಮಡಿಯೆಂದು ನನ್ನ ಹೆಂಡತಿ. ಅಂಗಡಿಯವನ ಅಭಿಪ್ರಾಯ ಗೊತ್ತಿಲ್ಲ. ನಾನು ಬರುವುದು ಕಂಡರೆ ಪೇಪರ್ ಕಟ್ಟಿನ ಮೇಲೆ ಕಲ್ಲು ಹೇರಿ ಕೂರುತ್ತಿದ್ದ.

ಮಗಳು ಬಿ.ಎ.ಗೆ ಮನಶ್ಶಾಸ್ತ್ರ ತೆಗೆದುಕೊಂಡಳು. ಮನೆಯಲ್ಲಿ ಡಾಕ್ಟರಿಕೆ ಓದುವವರಿದ್ದರೆ ಎಲ್ಲರಿಗೂ ಬಿ.ಪಿ. ಶುರುವಾಗುತ್ತದೆ, ಮನಶ್ಶಾಸ್ತ್ರ ಓದುವವರಿದ್ದರೆ ಕಾಂಪ್ಲೆಕ್ಸ್. "ಅಪ್ಪಾ, ನಾನೊಂದು ಪದ ಹೇಳ್ತೀನಿ, ಥಟ್ಟಂತ ನಿನ್ನ ಬಾಯಿಗೆ ಬಂದದ್ದು ಹೇಳು" ಅಂದಳು, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಇದು ಕಾರ್ಲ್ ಯೂಂಗ್ ಕಳೆದ ಶತಮಾನದ ಮೊದಲ ದಶಕದಲ್ಲಿ ಜ್ಯೂರಿಕ್‌ನ ಆಸ್ಪತ್ರೆಯೊಂದರಲ್ಲಿ ನಡೆಸುತ್ತಿದ್ದ ಪರೀಕ್ಷೆ. 100 ಪದಗಳ ಪಟ್ಟಿ, ಕೈಯಲ್ಲೊಂದು ಗಡಿಯಾರ. ಎಲ್ಲಿ ಮನುಷ್ಯ ತಡವರಿಸುತ್ತಾನೋ, ಬೆವರುತ್ತಾನೋ, ಕೇಳಿದ ಪದವನ್ನೇ ತಿರುಗಿ ಹೇಳುತ್ತಾನೋ, ಅಲ್ಲಿ ಅಡಿಯಲ್ಲೊಂದು ಗಂಟಿದೆ ಎಂದು ಲೆಕ್ಕ.

"ಉಪ್ಪು?"

"ಹುಳಿ."

"ಸಾಲ?"

"ಶೂಲ."

"ಹೆಂಡತಿ?"

"ದೇವತೆ" ಎಂದು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಅಣ್ಣ?"

ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಯಿತು. "ಅಂಗಿ" ಅಂದೆ ಕೊನೆಗೆ.

"ಪುಸ್ತಕ?"

"ಅಣ್ಣ."

"ಸೈಕಲ್?"

"ಅಣ್ಣ."

"ಸಾಕಪ್ಪಾ" ಎಂದು ಮಗಳು ಮೊಬೈಲ್ ಕೆಳಗಿಟ್ಟಳು.

ಅಣ್ಣನಿಗೆ ಅಂಗಿ ಹೊಲಿಸುವಾಗ 'ಬೆಳೆಯೋ ಹುಡುಗ' ಎಂದು ಎರಡು ಬೆರಳು ಹೆಚ್ಚೇ ಬಟ್ಟೆ ಬಿಡಿಸುತ್ತಿದ್ದರು. ಅವನು ಬೆಳೆದ, ಅಂಗಿ ನನಗೆ ಬಂತು, ಕಾಲರ್ ತಿರುಗಿಸಿ ಹೊಲಿಸಿಕೊಂಡು. ಅವನಿಗಾಗಿ ಮಡಿಕೆ ಬಿಚ್ಚಿ ಉದ್ದ ಮಾಡಿದ್ದ ಪ್ಯಾಂಟನ್ನು ನನಗಾಗಿ ಮತ್ತೆ ಮಡಿಸಿದಾಗ, ಹಳೆಯ ಮಡಿಕೆಯ ಗೆರೆ ಮಂಡಿಯ ಕೆಳಗೆ ಹಾಗೇ ಉಳಿದು, ಇಡೀ ತರಗತಿಗೆ ನನ್ನ ವಂಶವೃಕ್ಷ ಸಾರುತ್ತಿತ್ತು. ಪಠ್ಯಪುಸ್ತಕದ ಮೊದಲ ಪುಟದಲ್ಲಿ ಅವನ ಹೆಸರು ಹೊಡೆದು, ಕೆಳಗೆ ಉಳಿದ ಜಾಗದಲ್ಲಿ ನನ್ನದು, ಇನಿಷಿಯಲ್‌ಗೆ ಎಡೆಯಿಲ್ಲ. ಒಳಗೆ 'ಬಿಟ್ಟ ಸ್ಥಳ ತುಂಬಿರಿ'ಗಳೆಲ್ಲ ಆಗಲೇ ಭರ್ತಿ. ನನ್ನ ಪಾಲಿಗೆ ಒಂದೇ ಒಂದು ಬಿಟ್ಟ ಸ್ಥಳವನ್ನೂ ಮಹಾಶಯ ಉಳಿಸಿರಲಿಲ್ಲ. ಜೂನ್‌ನಲ್ಲಿ ಮೇಷ್ಟ್ರು "ಓಹೋ, ನೀನು ಅವನ ತಮ್ಮನೇನೋ!" ಎನ್ನುವರು. ಮೊದಲ ಟೆಸ್ಟ್ ಆದ ಮೇಲೆ ಅದೇ ಪ್ರಶ್ನೆ, ರಾಗ ಬೇರೆ.

ಮಗಳು ಆಡ್ಲರ್ ಎಂಬವನ ಕಥೆ ಹೇಳಿದಳು. 1870ರಲ್ಲಿ ವಿಯೆನ್ನಾದ ಹೊರವಲಯದಲ್ಲಿ ಹುಟ್ಟಿದ ಆಲ್ಫ್ರೆಡ್ ಆಡ್ಲರ್. ಕೀಳರಿಮೆಯನ್ನು ಶಾಸ್ತ್ರವಾಗಿಸಿದ ಪುಣ್ಯಾತ್ಮ. ಮನೆಯ ಎರಡನೇ ಮಗ! ರಿಕೆಟ್ಸ್ ಬಂದು ಕಾಲಿಗೆ ಬಲವಿಲ್ಲದೆ ಬೆಂಚಿನ ಮೇಲೆ ಕೂತು, ಅಣ್ಣ ನೆಗೆದಾಡುವುದನ್ನು ನೋಡುತ್ತಿದ್ದನಂತೆ. ಆ ಅಣ್ಣನ ಹೆಸರು ಸಿಗ್ಮಂಡ್. ದೊಡ್ಡವನಾಗಿ ಡಾಕ್ಟರಾದ ಮೇಲಾದರೂ ನೆಮ್ಮದಿಯೇ? 1902ರಲ್ಲಿ ತನಗಿಂತ ಸುಮಾರು 14 ವರ್ಷ ಹಿರಿಯರೊಬ್ಬರ ಮನೆಯ ಗೋಷ್ಠಿಗೆ ಹೋಗಿ ಸೇರಿದ. ಅವರ ಹೆಸರೂ ಸಿಗ್ಮಂಡ್. ಫ್ರಾಯ್ಡ್! 1911ರಲ್ಲಿ ಜಗಳವಾಡಿ ಹೊರಬಿದ್ದ. ವಿದ್ವಾಂಸರು ಇದನ್ನು ಸೈದ್ಧಾಂತಿಕ ಭಿನ್ನಾಭಿಪ್ರಾಯ ಎನ್ನುತ್ತಾರೆ. ಅಣ್ಣನ ಪ್ಯಾಂಟು ಹಾಕಿದವರಿಗೆ ಒಳಗುಟ್ಟು ಗೊತ್ತು.

ಮದ್ದೇನು ಎಂದು ಕೇಳಿದೆ. "ಒಪ್ಪಿಕೋ, ಅಷ್ಟೇ" ಅಂದಳು. ಒಪ್ಪಿಕೊಳ್ಳುವುದನ್ನು ಅಂಗಡಿಯಿಂದಲೇ ಶುರುಮಾಡಿದೆ. "ನೋಡಪ್ಪಾ, ನಾನು ಮನೆಗೆ ಎರಡನೆಯವನು. ಹೊಸ ಪುಸ್ತಕದ ವಾಸನೆ ಕಂಡವನಲ್ಲ. ಅದಕ್ಕೇ ನಡುವಿನ ಪೇಪರ್ ಬೇಕು." ಅವನು ನನ್ನನ್ನೇ ನೋಡಿದ. "ಮೊದಲೇ ಹೇಳಬಾರದಾ ಸಾರ್? ನಾನು ಮೂರನೆಯವನು" ಎಂದು ಕಲ್ಲು ತೆಗೆದ. ಆವತ್ತಿನಿಂದ ನಡುವಿನದೊಂದನ್ನು ತಾನೇ ಎತ್ತಿಟ್ಟಿರುತ್ತಾನೆ. ಗಂಟು ಬಿಚ್ಚಿತೇ ಎಂದರೆ ಇಲ್ಲ. ಪೇಪರ್ ಮಾತ್ರ ಸಲೀಸಾಗಿ ಸಿಗುತ್ತಿದೆ.

ಅಣ್ಣನಿಗೆ ಹೇಳುವುದು ಬಾಕಿಯಿತ್ತು. ಇಂಥದ್ದನ್ನು ಅಳುಮೋರೆಯಲ್ಲಿ ಹೇಳಬಾರದು. 'ಕೊರವಂಜಿ' ಹಾಸ್ಯಪತ್ರಿಕೆ ನಡೆಸಿ ನಮ್ಮ ಹಿರಿಯರನ್ನು ನಗಿಸಿದ ಡಾ. ಎಂ. ಶಿವರಾಂ ಅವರೇ ಅಲ್ಲವೇ ಮನಸ್ಸಿನ ಗಂಟುಗಳ ಬಗ್ಗೆ 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು? ಆ ಧೈರ್ಯದ ಮೇಲೆ, ಹಬ್ಬಕ್ಕೆ ಬಂದವನ ಮುಂದೆ ನಗುನಗುತ್ತಲೇ ಅಂಗಿಯ ಪುರಾಣ ತೆಗೆದೆ.

ಅವನು ನಗಲಿಲ್ಲ. ಹೋಳಿಗೆ ಎಲೆಗೆ ಬಿಟ್ಟ.

"ಹೊಸ ಪುಸ್ತಕ ಅಂತೀಯಲ್ಲೋ, ಒಂದು ದಿನ ಅದು ನಂದಾಗಿತ್ತೇನೋ? ತಂದ ದಿನವೇ ರಟ್ಟು ಹಾಕಿ, 'ಮೂಲೆ ಮಡಿಸಬೇಡ, ಮುಂದೆ ತಮ್ಮನಿಗೆ ಬೇಕು' ಅನ್ನೋರು. ಮರ ಹತ್ತಬೇಡ, ಅಂಗಿ ಹರಿಯುತ್ತೆ, ತಮ್ಮನಿಗೆ ಬೇಕು. ಸೈಕಲ್ ಮೇಲೆ ಡಬಲ್ ಹೊಡೀಬೇಡ, ತಮ್ಮನಿಗೆ ಬೇಕು. ನಾನು ನಿನ್ನ ಸಾಮಾನಿಗೆ ಕಾವಲಿದ್ದೆ ಕಣೋ. ಈಗಲೂ ಹೊಸ ಷರ್ಟ್ ಹಾಕಿದರೆ ಕೈ ಎತ್ತೋಕೆ ಹೆದರಿಕೆ." ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ನನಗೆ ಕರುಣೆ ಬರಬೇಕಿತ್ತು. ಬಂದದ್ದು ಹೊಟ್ಟೆಯುರಿ. ಕಾಂಪ್ಲೆಕ್ಸಿನಲ್ಲೂ ಇವನೇ ಫಸ್ಟ್ ಕ್ಲಾಸ್!

"ಬಿಟ್ಟ ಸ್ಥಳಗಳನ್ನೆಲ್ಲ ಪೆನ್ಸಿಲ್‌ನಲ್ಲಿ ತುಂಬಿದೆಯಲ್ಲ, ಅಳಿಸಿ ಕೊಡಬಹುದಿತ್ತು" ಅಂದೆ. "ರಬ್ಬರ್‌ನೂ ತಮ್ಮನಿಗೆ ಎತ್ತಿಟ್ಟಿದ್ರು" ಅಂದ.

ತುಪ್ಪದ ಗಿಂಡಿ ಹಿಡಿದು ನಿಂತು ಕೇಳುತ್ತಿದ್ದ ನನ್ನ ಹೆಂಡತಿ ತವರಿನಲ್ಲಿ ಐದನೆಯವಳು. "ಭಾವ, ನೀವಿಬ್ಬರೂ ಪುಸ್ತಕ ಪೂರ್ತಿಯಾದರೂ ನೋಡಿದ್ದೀರಿ" ಅಂದಳು. "ನನ್ನ ಕೈಗೆ ಬರೋ ಹೊತ್ತಿಗೆ ಕೊನೆಯ ಎರಡು ಪಾಠ ಕಿತ್ತುಹೋಗಿರ್ತಿತ್ತು. ಆ ಕಥೆಗಳೆಲ್ಲ ಏನಾಗಿ ಮುಗಿದವು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಹೋಳಿಗೆ ಹಾಕ್ಲಾ?"