ಶೂನ್ಯವಿದ್ದರೂ ಕಳುಹಿಸುವುದು

ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿಂದ ಎರಡು ಪತ್ರಿಕೆ ಹೊರಡುತ್ತವೆ. ಒಂದು ವಾಟ್ಸಾಪ್ ಗ್ರೂಪು. ದಿನಕ್ಕೆ ಹತ್ತು ಆವೃತ್ತಿ, ಎಲ್ಲವೂ ಬಣ್ಣದಲ್ಲಿ. ಇನ್ನೊಂದು ಮಕ್ಕಳ ಗೋಡೆಪತ್ರಿಕೆ. ಶನಿವಾರಕ್ಕೊಂದು ಡ್ರಾಯಿಂಗ್ ಶೀಟು, ಅದೂ ಒಂದೇ ಪ್ರತಿ. ಹೋದ ತಿಂಗಳ ಒಂದು ಸಂಚಿಕೆಯನ್ನು ಕರು ತಿಂದುಬಿಟ್ಟಿದ್ದರಿಂದ ಆ ವಾರದ ಇತಿಹಾಸ ಯಾರಿಗೂ ಸಿಗುವಂತಿಲ್ಲ.

ಶಾಲೆಯಲ್ಲಿ ಮಕ್ಕಳು 23. ಗ್ರೂಪಿನಲ್ಲಿ ಸದಸ್ಯರು 61. ಹಳೇ ವಿದ್ಯಾರ್ಥಿಗಳು, ಎಸ್‌ಡಿಎಂಸಿಯ ಹಾಲಿ ಮಾಜಿಗಳು, ಪಂಚಾಯ್ತಿ ಮೆಂಬರುಗಳು, ಪೀಣ್ಯದಲ್ಲಿ ಕೆಲಸಕ್ಕಿದ್ದು ಜಾತ್ರೆಗೆ ಮಾತ್ರ ಊರಿಗೆ ಬರುವವರು, ಎಲ್ಲ ಸೇರಿ ಅಷ್ಟಾಗಿದ್ದೇವೆ. ಏನೇ ಫೋಟೋ ಬಿದ್ದರೂ ಹೆಬ್ಬೆರಳು ಎತ್ತುವುದು ನಮ್ಮ ಕೆಲಸ. ನಮ್ಮ ಪೈಕಿ ಮುಕ್ಕಾಲು ಪಾಲು ಜನರ ಮಕ್ಕಳು ಮೊಮ್ಮಕ್ಕಳು ಬೆಳಿಗ್ಗೆ ಏಳೂಮುಕ್ಕಾಲಿಗೆ ಹಳದಿ ವ್ಯಾನು ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗುತ್ತಾರೆ. ನನ್ನ ಮೊಮ್ಮಗನೂ ಹೋಗುತ್ತಾನೆ. ಆದರೆ ಅದು ಸೊಸೆಯ ತೀರ್ಮಾನ.

ಹೋದ ವಾರ ಗ್ರೂಪಿನ ಮುಖಪುಟ ಸುದ್ದಿ ಕುಡಿಯುವ ನೀರಿನ ಫಿಲ್ಟರಿನ ಹಸ್ತಾಂತರ. ಹನ್ನೊಂದು ಮಂದಿ ಒಂದು ಫಿಲ್ಟರಿಗೆ ಕೈ ಹಚ್ಚಿ ನಿಂತಿದ್ದಾರೆ. ಅದೇನು ತೇರೋ, ಎಲ್ಲರೂ ಎಳೆಯಬೇಕೋ ಎನ್ನುವ ಹಾಗಿದೆ. ಹಿಂದಿನ ಫ್ಲೆಕ್ಸಿನಲ್ಲಿ ಅದೇ ಹನ್ನೊಂದು ಮುಖ ಇನ್ನೊಮ್ಮೆ. ಬಲದಿಂದ ಮೂರನೆಯವನು, ಹೊಟ್ಟೆ ಒಳಗೆಳೆದುಕೊಂಡವನು, ನಾನೇ. ಮುಂದೆ ಕೂತ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಕೈಯಲ್ಲಿ ಲೋಟವಿದೆ. 38 ಹೆಬ್ಬೆರಳು, 9 ಕೈಮುಗಿತ, ಎರಡು ಹುಟ್ಟುಹಬ್ಬದ ಕೇಕು. ಕೇಕು ಹಾಕಿದವರು ಯಾವುದಕ್ಕೂ ಅದನ್ನೇ ಹಾಕುತ್ತಾರೆ.

ಅದೇ ಸುದ್ದಿ ಗೋಡೆಪತ್ರಿಕೆಯಲ್ಲಿ ಮೂರೂವರೆ ಸಾಲು: ‘ಶಾಲೆಗೆ ಫಿಲ್ಟರ್ ಬಂತು. ಹಾಕಕ್ಕೆ ಪ್ಲಗ್ ಇಲ್ಲ. ಲೋಟದಲ್ಲಿ ಇದ್ದಿದ್ದು ಮಿಸ್ ಬಾಟ್ಲಿ ನೀರು. ಫೋಟೋ ಆದ ಮೇಲೆ ಮಿಸ್ ವಾಪಸ್ ಇಸ್ಕೊಂಡರು.’ ಸರ್ಕಾರಿ ಶಾಲೆಗಳಿಗೆ ಕರೆಂಟು ಪುಕ್ಕಟೆ ಎಂದು 2023ರ ರಾಜ್ಯೋತ್ಸವದ ದಿನ ಘೋಷಣೆಯಾಗಿದೆ. ಕರೆಂಟು ಹೊರಬರಬೇಕಾದ ತೂತಿನ ಬಗ್ಗೆ ಆ ದಿನ ಯಾರೂ ಮಾತಾಡಲಿಲ್ಲ.

ಗೋಡೆಪತ್ರಿಕೆ ಅಂದೆನಲ್ಲ, ಅದಕ್ಕೆ ಗೋಡೆ ಸಿಕ್ಕಿಲ್ಲ. ಇರುವ ಗೋಡೆಗಳನ್ನೆಲ್ಲ ಬಿಸಿಯೂಟದ ಮೆನು, ಮಕ್ಕಳ ಸಹಾಯವಾಣಿ 1098, ಕೈ ತೊಳೆಯುವ ಹಂತಗಳು, ತಂಬಾಕುಮುಕ್ತ ಆವರಣ ಇವು ಹಂಚಿಕೊಂಡಿವೆ. 30 ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ವರ್ಷಕ್ಕೆ ಬರುವ ಅನುದಾನ 10,000 ರೂಪಾಯಿ. ಸೀಮೆಸುಣ್ಣ, ಪೊರಕೆ, ಫಿನಾಯಿಲು, ಪ್ರಿಂಟ್‌ಔಟು ಎಲ್ಲ ಕಳೆದು ಉಳಿದದ್ದು ಬಣ್ಣದವನಿಗೆ. ಸೋರುವ ಹೆಂಚು ಬಿಟ್ಟು ಶಾಲೆಯಲ್ಲಿ ಬಣ್ಣ ಕಾಣದ ಜಾಗವಿಲ್ಲ.

ಹಾಗಾಗಿ ಪತ್ರಿಕೆಯನ್ನು ಬೀಗ ಹಾಕಿದ ಎರಡನೇ ಕೊಠಡಿಯ ಬಾಗಿಲಿಗೆ ಅಂಟಿಸುತ್ತಾರೆ. ಬಾಗಿಲ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ಶಿಥಿಲವಾಗಿದೆ, ಪ್ರವೇಶವಿಲ್ಲ’ ಎಂದಿದೆ. ದೂರದಿಂದ ನೋಡಿದವರಿಗೆ ಅದೇ ಪತ್ರಿಕೆಯ ಹೆಸರು ಅನ್ನಿಸಬೇಕು. ನಿಜವಾದ ಹೆಸರು ಇನ್ನೂ ಇಟ್ಟಿಲ್ಲ. ಜೂನ್‌ನಿಂದ ಜಗಳ ನಡೆದಿದೆಯಂತೆ.

ಒಂದು ಕೊಠಡಿಗೆ ಬೀಗ ಬಿದ್ದ ಮೇಲೆ ಐದೂ ಕ್ಲಾಸು ಇನ್ನೊಂದರಲ್ಲಿ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆಯ ಕಡೆ, ಚಿಕ್ಕ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ತಂತಮ್ಮ ವೇಗದಲ್ಲಿ ಕಲಿಯಲಿ ಎಂಬ ಒಳ್ಳೆಯ ಯೋಚನೆ. ನಮ್ಮಲ್ಲಿ ನಾಲ್ಕು, ಐದನೆಯವರೂ ಆ ಚಾಪೆಗೇ ಬಂದಿದ್ದಾರೆ, ಮಳೆ ಅವರನ್ನು ಬಡ್ತಿ ಇಳಿಸಿ ಕಳಿಸಿದೆ. ಹುದ್ದೆ ಎರಡು. ಒಬ್ಬರು ನಿಯೋಜನೆಯ ಮೇಲೆ ಬೇರೆ ಕಡೆ ಇದ್ದಾರೆ. ಅವರ ಬದಲಿಗೆ ಬಂದ ಅತಿಥಿ ಶಿಕ್ಷಕಿಗೆ ಸಂಬಳವೂ ಅತಿಥಿಯಂತೆಯೇ, ತಿಥಿ ನೋಡದೆ ಬರುತ್ತದೆ. ಉಳಿದವರು ಮೇಷ್ಟ್ರು, ಅಂದರೆ ಪ್ರಭಾರಿ ಮುಖ್ಯ ಶಿಕ್ಷಕರು.

ಮೇಷ್ಟ್ರು ಬೆಳಿಗ್ಗೆಯಿಂದ ಸಂಜೆವರೆಗೆ ಮಾಹಿತಿ ಕೊಡುತ್ತಾರೆ. ‘ತುರ್ತು’ ಎಂದರೆ ಇವತ್ತು ಸಂಜೆ, ‘ಅತಿ ತುರ್ತು’ ಎಂದರೆ ಮಧ್ಯಾಹ್ನ, ‘ಅತ್ಯಂತ ಜರೂರು’ ಎಂದರೆ ನಿನ್ನೆಯೇ ಕೊಡಬೇಕಿತ್ತು. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಸಿಸ್ಟನ್ನಿನ ಕಟ್ಟೆಯ ಮೇಲೆ, ಅದೂ ತೆಂಗಿನ ಮರದ ಕಡೆ ಮುಖ ಮಾಡಿ ನಿಂತರೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ದಾಖಲಾತಿ ಪುಸ್ತಕ. ಕಟ್ಟೆಯ ಮೇಲಿಂದಲೇ ‘ಮಗ್ಗಿ ಹೇಳ್ರೋ’ ಎಂದು ಒಳಗೆ ಕೂಗುತ್ತಾರೆ. ಒಳಗಿಂದ ಏಳರ ಮಗ್ಗಿ ಬರುತ್ತದೆ. ಮೂರು ತಿಂಗಳಿಂದ ಏಳರದ್ದೇ ಬರುತ್ತಿದೆ.

ನಾನು ಬುಧವಾರ ಹೋದಾಗ ಬಂದಿದ್ದ ಜರೂರು: ಶಾಲಾ ಆವರಣದಲ್ಲಿ ನೆಟ್ಟ ಗಿಡಗಳೆಷ್ಟು, ಬದುಕಿದ್ದೆಷ್ಟು, ಜೊತೆಗೆ ಫೋಟೋ. ಮೇಷ್ಟ್ರು ನೆಟ್ಟದ್ದು 30, ಬದುಕಿದ್ದು 30 ಎಂದು ತುಂಬಿ ಪಕ್ಕದ ತೋಟದ ಕಡೆ ಫೋನು ತಿರುಗಿಸಿ ಕ್ಲಿಕ್ ಅನ್ನಿಸಿದರು. ಗೋಡೆಪತ್ರಿಕೆಯ ಪರಿಸರ ವರದಿ: ‘ಜೂನ್ 5ಕ್ಕೆ ನೆಟ್ಟ ಗಿಡ ಮೇಕೆ ತಿಂತು. ಗುಂಡಿ ಚೆನ್ನಾಗಿದೆ. ಮುಂದಿನ ವರ್ಷಕ್ಕೂ ಆಗುತ್ತೆ.’

ಎಲ್ಲ ನಮೂನೆಗಳ ಕೊನೆಗೆ ಒಂದು ಸಾಲು ತಪ್ಪದೆ ಇರುತ್ತದೆ: ಮಾಹಿತಿ ಶೂನ್ಯವಿದ್ದರೂ ಶೂನ್ಯವೆಂದು ನಮೂದಿಸಿ, ಸಹಿ ಮೊಹರಿನೊಂದಿಗೆ ಕಳುಹಿಸುವುದು. ಏನೂ ಇಲ್ಲ ಎನ್ನುವುದಕ್ಕೂ ಮೊಹರು ಬೇಕು. ‘ಖಾಲಿ ಬಿಟ್ಟರೆ ನೆನಪೋಲೆ ಬರುತ್ತೆ ಸಾ, ಶೂನ್ಯ ಅಂದರೆ ಬರಲ್ಲ,’ ಎಂದರು ಮೇಷ್ಟ್ರು. ಇಪ್ಪತ್ತೆರಡು ವರ್ಷದ ಸರ್ವಿಸಿನ ಗಳಿಕೆ ಅದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಒಂದಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇವು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಮೇಷ್ಟ್ರುಗಳನ್ನು ಎಳೆಯುವಂತಿಲ್ಲ. ಓದಲು ಸೊಗಸಾಗಿದೆ. 2025ರ ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆಮನೆಯ ಬಾಗಿಲು ತಟ್ಟಿದವರು ಬಹುಪಾಲು ಇದೇ ಮೇಷ್ಟ್ರುಗಳು. ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ರಜೆ ಮಕ್ಕಳಿಗೆ, ಡ್ಯೂಟಿ ಮೇಷ್ಟ್ರಿಗೆ. ಆಗಿನ ಗೋಡೆಪತ್ರಿಕೆಯನ್ನು ನಾನು ಕೈಬರಹದಲ್ಲಿ ಇಳಿಸಿಕೊಂಡಿದ್ದೇನೆ: ‘ಮೇಷ್ಟ್ರು ಎಲ್ಲರ ಮನೆಗೂ ಬಂದರು. 60 ಪ್ರಶ್ನೆ ಕೇಳಿದರು. ಒಂದೂ ಪಾಠದ್ದಲ್ಲ. ನಮ್ಮಪ್ಪನಿಗೂ ಉತ್ತರ ಗೊತ್ತಿರಲಿಲ್ಲ. ಆದರೂ ಮೇಷ್ಟ್ರು ಬಯ್ಯಲಿಲ್ಲ.’

ಈ ಪತ್ರಿಕೆಯ ಸಂಪಾದಕಿ ಐದನೇ ಕ್ಲಾಸಿನವಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು. ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದುವವಳೂ ಅವಳೇ. ‘ಸಾರ್ವಭೌಮ’ ಎಂಬಲ್ಲಿ ಅವಳ ದನಿಗೆ ಗೇಟಿನ ಹತ್ತಿರದ ಮೇಕೆಯೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ‘ಇದನ್ನೆಲ್ಲ ಬರೀ ಅಂತ ಯಾರು ಹೇಳಿದ್ದು ಮಗಾ?’ ಎಂದೆ. ‘ಮೇಷ್ಟ್ರೇ ಹೇಳಿದ್ದು ತಾತ, ಏನಾಯ್ತೋ ಅದನ್ನ ಬರೀರಿ ಅಂತ,’ ಎಂದಳು. ಇನ್ನೂ ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ನನಗೊಂದು ಫೋನು ಬಂತು.

ಹಾಲಿನ ಕಥೆ ಹೇಳಬೇಕು. ಶಾಲೆಯ ಕಾಂಪೌಂಡಿಗೆ ಬೆನ್ನು ಹಚ್ಚಿಕೊಂಡೇ ಹಾಲಿನ ಡೇರಿಯಿದೆ. ಬೆಳಿಗ್ಗೆ ಆರೂವರೆಗೆ ಇದೇ ಮಕ್ಕಳು ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಹಾಲು ಹಾಕಿ ಬರುತ್ತಾರೆ. ಹಾಲು ಲಾರಿ ಹತ್ತುತ್ತದೆ. ಆಮೇಲೆ ಯಾವುದೋ ಊರಿನಲ್ಲಿ ಯಾವುದೋ ಹಾಲು ಪುಡಿಯಾಗಿ, ಚೀಲ ಸೇರಿ, ಹತ್ತಾರು ಸಹಿ ಬಿದ್ದು ಶಾಲೆಗೆ ಬರುತ್ತದೆ. 18 ಗ್ರಾಂ ಪುಡಿಗೆ ನೀರು ಬೆರೆಸಿ ಕಾಸಿದರೆ 150 ಮಿಲಿಲೀಟರು ಹಾಲು. 2013ರಿಂದ ಕ್ಷೀರಭಾಗ್ಯ ನಡೆದಿರುವುದು ಹೀಗೆ. ಪುಡಿ ತಡವಾದ ವಾರ ಪತ್ರಿಕೆಯಲ್ಲಿ ಒಂದೇ ಸಾಲಿತ್ತು: ‘ಹಾಲು ಬಂದಿಲ್ಲ. ಡೇರೀಲಿ ತುಂಬ ಇದೆ.’ ಈ ಪುಡಿ ಬರದಿದ್ದರೆ ಎಷ್ಟೋ ಮನೆಗಳ ಮಕ್ಕಳು ಹಾಲಿನ ರುಚಿಯನ್ನೇ ನೋಡುತ್ತಿರಲಿಲ್ಲ ಎಂಬುದೂ ನಿಜ. ಹಾಲು ಕರೆಯುವ ಮನೆಯಲ್ಲಿ ಹಾಲು ಕುಡಿಯುವ ರೂಢಿ ನಮ್ಮ ಕಡೆ ಕಡಿಮೆ. ಅದು ಡೇರಿಯ ಪಾಸ್‌ಬುಕ್ಕಿಗೆ ಹೋಗಬೇಕಾದ ವಸ್ತು.

ಮೊಟ್ಟೆಯದು ಮಾತ್ರ ಊರನ್ನೇ ಅಲ್ಲಾಡಿಸಿತು. ಮೊದಲು ವಾರಕ್ಕೆ ಎರಡು ದಿನ ಇದ್ದದ್ದು, ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ದಿನಗಳ ಖರ್ಚಿಗೆ ಕೈ ಜೋಡಿಸಿದ ಮೇಲೆ, 2024ರ ಸೆಪ್ಟೆಂಬರಿನಿಂದ ಆರೂ ದಿನವಾಯಿತು. ಕಟ್ಟಿಕೊಟ್ಟ ದರ ಮೊಟ್ಟೆಗೆ 6 ರೂಪಾಯಿ. ತರುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಪೇಟೆಯಲ್ಲಿ ದರ ಏರಿದ ವಾರ ಮೇಷ್ಟ್ರ ಜೇಬು ಇಳಿಯುತ್ತದೆ. ಫೋಟೋ ಬೇರೆ ಆಗಬೇಕು. ‘ಎತ್ತಿ ಹಿಡೀರಿ’ ಎಂದ ಕೂಡಲೇ ಮಕ್ಕಳು ಕಬಡ್ಡಿ ಕಪ್ಪು ಗೆದ್ದವರ ಹಾಗೆ ಮೊಟ್ಟೆ ಎತ್ತುತ್ತಾರೆ. ಮೊದಲ ಫೋಟೋ ಮಸುಕಾಯಿತು. ಎರಡನೆಯದರಲ್ಲಿ ಒಬ್ಬ ಕಣ್ಣು ಮುಚ್ಚಿದ್ದ. ಮೂರನೆಯದಕ್ಕೆ ಮತ್ತೆ ಎತ್ತಿದಾಗ ಒಂದನೇ ಕ್ಲಾಸಿನವನ ಕೈಯಲ್ಲಿ ಅರ್ಧವೇ ಉಳಿದಿತ್ತು. ಅವನನ್ನು ಹಿಂದಿನ ಸಾಲಿಗೆ ಕಳಿಸಿದರು.

ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮನೆಯವರು ಹೇಳಿ ಬರೆಸಿದ ಪಟ್ಟಿ ಮೇಷ್ಟ್ರ ಹತ್ತಿರ ಇದೆ. ಹೀಗಿರುವಾಗ ಒಂದು ಶನಿವಾರ ಸಂಪಾದಕಿ ಬರೀ ಅಂಕಿ ಹಾಕಿದಳು: ‘ಬಾಳೆಹಣ್ಣು ಪಟ್ಟೀಲಿ ಇರೋರು 5. ಬಾಳೆಹಣ್ಣು ತಿಂದೋರು 2.’ ಹೆಸರಿಲ್ಲ, ಆರೋಪವಿಲ್ಲ, ವಿಶೇಷಣವಿಲ್ಲ. ಸೋಮವಾರ ಸಂಜೆ ಅರಳಿಕಟ್ಟೆಯಲ್ಲಿ ಅದೇ ಮಾತು. ಐದು ಮನೆಗಳ ದೇವರಕೋಣೆಗಳೂ ಒಂದನ್ನೊಂದು ಅನುಮಾನದಿಂದ ನೋಡಿದವು. ಆ ಮೂವರು ಯಾರು? ಅಡುಗೆಯಮ್ಮನನ್ನು ಕೇಳಿದರು. ಐದು ಸಾವಿರ ಮುಟ್ಟದ ತಿಂಗಳ ದುಡಿಮೆಗೆ ‘ಗೌರವಧನ’ ಎಂಬ ಹೆಸರು ಹೊತ್ತ ಆ ತಾಯಿ, ‘ಸಿಪ್ಪೆ ಲೆಕ್ಕ ನಂದು, ಬಾಯಿ ಲೆಕ್ಕ ನಂಗ್ಯಾಕೆ?’ ಎಂದು ಒಲೆ ಕಡೆ ತಿರುಗಿದಳು. ಮಂಗಳವಾರ ಬೆಳಿಗ್ಗೆ ಆ ಸುದ್ದಿಯ ಮೇಲೆ ಜಂತುಹುಳು ನಿವಾರಣೆಯ ಪೋಸ್ಟರು ಅಂಟಿತ್ತು. ದೊಡ್ಡ ಪತ್ರಿಕೆಗಳಲ್ಲಿ ಇಂಥ ಜಾಗಕ್ಕೆ ಪೂರ್ಣಪುಟ ಜಾಹೀರಾತು ಬರುತ್ತದೆ.

ಗಣ್ಯರ ಭೇಟಿ, ಸಂಭ್ರಮ ಶನಿವಾರ, ಸಾಮೂಹಿಕ ಕವಾಯತು ಇವೆಲ್ಲ ಗ್ರೂಪಿನಲ್ಲಿ ಇದ್ದೇ ಇವೆ, ಬಿಡಿ. ಬಂದವರು ಭೇಟಿ ಪುಸ್ತಕದಲ್ಲಿ ‘ಪ್ರಗತಿ ತೃಪ್ತಿಕರ’ ಎಂದು ಬರೆದು ಹೋಗುತ್ತಾರೆ. ಹಿಂದಿನ ಹಾಳೆ ತಿರುವಿದೆ, ಎಲ್ಲರಿಗೂ ತೃಪ್ತಿಯಾಗಿದೆ.

ಬುಧವಾರ ನಾನು ಓದಿದ ಸಂಚಿಕೆಯ ಕೆಳಗಡೆ, ಬಸ್ಸಿನ ಚಿತ್ರದ ಪಕ್ಕದಲ್ಲಿ ಹೀಗಿತ್ತು: ‘ಮೂರನೇ ಕ್ಲಾಸಿನ ಒಬ್ಬ ಬಸ್ಸಿನ ಬೋರ್ಡು ಓದಿದ. ತಿಪಟೂರು ಅಂತ. ಬಸ್ಸು ನಿಂತಿರಲಿಲ್ಲ, ಹೋಗ್ತಾ ಇತ್ತು. ಯಾರೂ ಹೇಳಿಕೊಡಲಿಲ್ಲ.’

ಮೇಷ್ಟ್ರನ್ನು ಕೇಳಿದೆ. ಕಟ್ಟೆಯಿಂದ ಇಳಿದು ಬಂದರು, ಫೋನನ್ನು ಮೊದಲ ಸಲ ಜೇಬಿಗೆ ಹಾಕಿದರು. ‘ಹೌದು ಸಾ. ಎರಡು ವರ್ಷ ಅವನಿಗೆ ಅಕ್ಷರ ಹತ್ತಿರಲೇ ಇಲ್ಲ. ಒತ್ತಕ್ಷರ ಕಂಡರೆ ಅಳೋನು. ಸಂಜೆ ಗಂಟೆ ಹೊಡೆದ ಮೇಲೆ ಅರ್ಧರ್ಧ ಗಂಟೆ ಕೂರಿಸ್ಕೊತಿದ್ದೆ.’ ಗ್ರೂಪಿಗೆ ಹಾಕಲಿಲ್ಲವಲ್ಲ ಎಂದೆ. ‘ಫೋಟೋ ಏನಂತ ತೆಗೀಲಿ ಸಾ? ಬಸ್ಸು ಹೊರಟೋಗಿತ್ತು.’ ಮೇಲಕ್ಕಾದರೂ ಬರೆಯಬಹುದಿತ್ತು ಎಂದೆ. ಮೇಷ್ಟ್ರು ನಕ್ಕರು. ಓದುವ ಮಟ್ಟ ತುಂಬಲು ಆಗಸ್ಟ್ ಕೊನೆಯ ದಿನವಿತ್ತಂತೆ. ರಾತ್ರಿ ಹನ್ನೊಂದಕ್ಕೆ ಸರ್ವರ್ ಸಿಕ್ಕಿದಾಗ ಎಲ್ಲ 23 ಮಕ್ಕಳನ್ನೂ ‘ಸರಾಗವಾಗಿ ಓದುತ್ತಾರೆ’ ಎಂದು ತುಂಬಿ ಮುಗಿಸಿದ್ದರು. ಈಗ ಆ ಹುಡುಗ ನಿಜಕ್ಕೂ ಓದಿಬಿಟ್ಟಿದ್ದಾನೆ, ಬದಲಾಯಿಸಲು ಏನೂ ಉಳಿದಿಲ್ಲ. ಈ ತಿಂಗಳ ಪ್ರಗತಿ ಎಂಬ ಕಾಲಂನಲ್ಲಿ ಅವನ ಹೆಸರಿನ ಮುಂದೆ ಮೇಷ್ಟ್ರು ಶೂನ್ಯ ಎಂದು ಬರೆದು, ಮೊಹರು ಒತ್ತಿ, ಕಳಿಸಿದ್ದಾರೆ.

ಈ ಶನಿವಾರದ ಸಂಚಿಕೆ ಬಂದಿದೆ. ಗ್ರೂಪಿನಲ್ಲಿ ಯಾರೋ ಅದರ ಫೋಟೋ ಹಾಕಿ, ಐದೇ ನಿಮಿಷಕ್ಕೆ ಅಳಿಸಿದರು. ಅಷ್ಟರಲ್ಲಿ ನಮ್ಮ ಸೊಸೆ ಓದಿ ಆಗಿತ್ತು. ಮಧ್ಯದ ಅಂಕಣದಲ್ಲಿ, ಸ್ಕೆಚ್ ಪೆನ್ನಿನ ಚೌಕಟ್ಟಿನೊಳಗೆ:

‘ಬುಧವಾರ ಒಬ್ಬರು ತಾತ ಬಂದರು. ನಮ್ಮ ಪತ್ರಿಕೆ ಪೂರ್ತಿ ಓದಿದರು. ಫೋಟೋ ತೆಗೆಯಲಿಲ್ಲ. ನಿಮ್ಮ ಮೊಮ್ಮಗನ್ನ ಯಾಕೆ ಇಲ್ಲಿಗೆ ಕಳಿಸಲ್ಲ ಅಂತ ನಾನು ಕೇಳಿದೆ. ತಾತ ಫೋನ್ ಬಂತು ಅಂತ ಆಚೆ ಹೋದರು. ಫೋನ್ ರಿಂಗ್ ಆಗಿರಲಿಲ್ಲ.’