ನಾನು ಎಚ್ಚರ ತಪ್ಪಿದ ವರ್ಷ

“ಐ ಪಾಸ್ಡ್ ಔಟ್ ಇನ್ 1998” ಎಂದು ಅಮೆರಿಕದ ಮ್ಯಾನೇಜರಮ್ಮನಿಗೆ ಎದೆಯುಬ್ಬಿಸಿ ಹೇಳಿದೆ. ಆಕೆ ಕನಿಕರದಿಂದ, ಈಗ ಹುಷಾರಾಗಿದ್ದೀರಾ ಅಂತ ಕೇಳಿದರು. ನನ್ನ ಡಿಗ್ರಿಗೆ ಅಷ್ಟು ಮರುಗಿದವರು ಇನ್ನೊಬ್ಬರಿಲ್ಲ. ಅವರ ಕಡೆ ಪಾಸ್ ಔಟ್ ಅಂದರೆ ಎಚ್ಚರ ತಪ್ಪಿ ಬೀಳುವುದಂತೆ! ಬಿಡುತ್ತೇನೆಯೇ? ಡಿಕ್ಷನರಿ ಕೆದಕಿದೆ. ಬ್ರಿಟಿಷರಲ್ಲಿ ಸೇನಾ ತರಬೇತಿ ಮುಗಿಸಿ ಹೊರಬೀಳುವುದಕ್ಕೂ ಅದೇ ಮಾತು; ಪಾಸಿಂಗ್ ಔಟ್ ಪರೇಡ್ ಅನ್ನುವುದು ಅದಕ್ಕೇ. ಆ ಪರೇಡಿನ ಬಿಸಿಲಲ್ಲಿ ಯಾವನಾದರೂ ಕೆಡೆಟ್ ಧೊಪ್ಪೆಂದರೆ ಎರಡೂ ಅರ್ಥ ಒಂದೇ ಏಟಿಗೆ ಸಿದ್ಧಿ. ಕರಪತ್ರ ಹಂಚುವುದಕ್ಕೂ ಇದೇ ಪದ, ಪಾಪ, ಎಷ್ಟು ಕೆಲಸ ಅದಕ್ಕೆ! ಅಡುಗೆಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. “ಮ್ಯಾಥ್ಸ್ ಪೇಪರ್ ನೋಡಿ ತಲೆ ಸುತ್ತಿ ಬಿದ್ದಿದ್ರಂತಲ್ಲ, ಅತ್ತೆ ಹೇಳ್ತಿದ್ರು” ಅಂದವಳೇ ಒಗ್ಗರಣೆಗೆ ಸಾಸಿವೆ ಹಾಕಿದಳು.