ವೀಕೆಂಡಿಗೆ ಪ್ಲಾನು, ಮನೆಗೆ ದೇವರು

(ಇಂದಿರಾನಗರ, ಸಿ.ಎಂ.ಎಚ್. ರಸ್ತೆಯ ಹಿಂದಿನ ಮನೆ. ಟೇಬಲ್ ತುಂಬಾ ಪ್ರವಾಸದ ಪಟ್ಟಿ.)

ಪತ್ನಿ: ರೀ, ಎರಡು ದಿನದ ಮಡಿಕೇರಿಗೆ ಮೂರು ಪುಟ ಪ್ಲಾನು! ಈ ಮನೆಗೆ ಉಯಿಲು ಎಲ್ಲಿ?

ಪತಿ: ಯಾಕೆ? ನಾನು ಹೋದ್ಮೇಲೆ ನಿನಗೂ ಮಕ್ಕಳಿಬ್ಬರಿಗೂ ಸಮಪಾಲು.

ಪತ್ನಿ: ನನಗೆ, ನಿಮ್ಮ ಮಗಳಿಗೆ ಸರಿ. ನಾನು ಕರೆತಂದ ಮಗನಿಗೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮ ಆಸ್ತೀಲಿ ಅವನು ವಾರಸುದಾರನೇ ಅಲ್ಲ.

ಪತಿ: ಇಪ್ಪತ್ತು ವರ್ಷದಿಂದ ಅಪ್ಪಾ ಅಂತಿದ್ದಾನಲ್ಲೇ!

ಪತ್ನಿ: ಕಾಯ್ದೆಗೆ ಕಿವಿಯಿಲ್ಲ. ಬರೆದು ಸಹಿ ಹಾಕಿ. ಇಬ್ಬರು ಸಾಕ್ಷಿ ಸಾಕು, ನೋಂದಣಿಯೂ ಕಡ್ಡಾಯವಲ್ಲ.

ಪತಿ: ಸಾಕ್ಷಿ ಹಾಕೋರು ಯಾರು?

ಪತ್ನಿ: ಪಬ್ ಗಲಾಟೆ ವಿರುದ್ಧ ಇಡೀ ರಸ್ತೆಯೇ ಸಹಿ ಹಾಕಿತ್ತಲ್ಲ!

ಪತಿ: ಸರಿ, ಮಡಿಕೇರಿಯಿಂದ ಬಂದ್ಮೇಲೆ ನೋಡೋಣ.

ಪತ್ನಿ: ಆ ತಿರುವುಗಳಲ್ಲಿ ಕಾರು ಓಡಿಸೋರು ನೀವೇ ತಾನೆ? ಹೊರಡೋಕೆ ಮುಂಚೇನೇ ಬರೀರಿ.